ಹಾರ್ಮೋನಿಯಂ ಮನೆಯವರಿಗೆ ಪಿಯಾನೊ ಸೂತ್ರಗಳು

ಮುಂಬೈಯ ವಡಾಲದ ಕನ್ನಡ ಮನೆಗಳಿಗೆ ಕರಿ-ಬಿಳಿ ಮನೆಗಳ, ಅಂದರೆ ಕೀಗಳ, ವಾದ್ಯ ಹೊಸದೇನಲ್ಲ. ಕಾತ್ರಕ್ ರಸ್ತೆಯ ಶ್ರೀರಾಮ ಮಂದಿರದ ಭಜನೆ ಕೇಳಿ ಬೆಳೆದವರು, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಕಾರ್ಯಕ್ರಮ ನೋಡಿದವರು, ಷಣ್ಮುಖಾನಂದ ಸಭಾಂಗಣದ ಬಾಲ್ಕನಿಯಲ್ಲಿ ಕೂತು ಕಛೇರಿ ಕೇಳಿದವರು ಇಲ್ಲಿ ಬೇಕಾದಷ್ಟಿದ್ದಾರೆ. ಅಟ್ಟದ ಮೇಲೆ ಅಜ್ಜನ ಹಾರ್ಮೋನಿಯಂ ಪೆಟ್ಟಿಗೆ ಇಟ್ಟುಕೊಂಡ ಮನೆಗಳೂ ಇವೆ. ಈಗ ಆ ಮನೆಗಳ ಮಕ್ಕಳು ಪಿಯಾನೊ ಬೇಕು ಅನ್ನುತ್ತಿದ್ದಾರೆ. ಮಕ್ಕಳ ನೆಪದಲ್ಲಿ ನಲವತ್ತು ದಾಟಿದ ಅಪ್ಪ-ಅಮ್ಮಂದಿರೂ ಸ್ಟೂಲಿನ ಮೇಲೆ ಕೂರುತ್ತಿದ್ದಾರೆ. ಇಂಗ್ಲಿಷ್ ಪುಸ್ತಕಗಳು ಏನೂ ಗೊತ್ತಿಲ್ಲದವರಿಗಾಗಿ ಬರೆದಂಥವು. ನಮ್ಮವರ ಸ್ಥಿತಿ ಹಾಗಲ್ಲ. ನಮ್ಮ ಕಿವಿ ಎರಡು ವರ್ಷ ಮುಂದಿರುತ್ತದೆ, ಎಡಗೈ ಎರಡು ವರ್ಷ ಹಿಂದಿರುತ್ತದೆ. ಕೆಳಗಿನ ಸೂತ್ರಗಳೆಲ್ಲ ಈ ಅಂತರವನ್ನು ಸರಿದೂಗಿಸಲಿಕ್ಕೆ.

1. ಎಡಗೈಯನ್ನು ತಿದಿಯಿಂದ ಬಿಡಿಸಿ

ಹಾರ್ಮೋನಿಯಂನಲ್ಲಿ ಎಡಗೈ ಗಾಳಿ ಹಾಕುತ್ತದೆ, ಬಲಗೈ ಹಾಡುತ್ತದೆ. ವರ್ಷಗಟ್ಟಲೆ ಹೀಗೇ ನುಡಿಸಿದವರನ್ನು ಪಿಯಾನೊ ಮುಂದೆ ಕೂರಿಸಿದರೆ ಬಲಗೈ ಮೊದಲ ದಿನವೇ ಒಂದು ದೇವರನಾಮ ಹುಡುಕಿಕೊಳ್ಳುತ್ತದೆ. ಎಡಗೈ ಮಾತ್ರ ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಮಲಗಿರುತ್ತದೆ. ಹೊಗಳಿಕೆಯೆಲ್ಲ ಬಲಗೈಗೇ ಸಿಗುವುದರಿಂದ ಆರು ತಿಂಗಳಾದರೂ ಅದು ಅಲ್ಲೇ ಮಲಗಿರುತ್ತದೆ. ಕಲಿಕೆ ನಿಂತುಹೋಗುವುದು ಹೆಚ್ಚಾಗಿ ಇಲ್ಲಿಯೇ.

ಆದ್ದರಿಂದ ಮೊದಲ ದಿನವೇ ಎಡಗೈಗೆ ತಂಬೂರಿಯ ಕೆಲಸ ಕೊಡಿ. ಪಿಯಾನೊದ ನಟ್ಟನಡುವೆ, ಎರಡು ಕಪ್ಪು ಮನೆಗಳ ಜೋಡಿಗೆ ಎಡಕ್ಕೆ ಅಂಟಿಕೊಂಡಿರುವ ಬಿಳಿ ಮನೆಯೇ ಮಧ್ಯದ ಸಿ. ಅಲ್ಲಿಂದ ಒಂದು ಸ್ಥಾಯಿ ಕೆಳಗಿನ ಸಿ ಮೇಲೆ ಎಡಗೈಯ ಕಿರುಬೆರಳು ಇಡಿ. ಬೆರಳುಗಳನ್ನು ಒಂದೊಂದು ಬಿಳಿ ಮನೆಗೆ ಸಾಲಾಗಿ ಇಳಿಸಿದರೆ ಹೆಬ್ಬೆರಳು ತಾನಾಗಿ ಜಿ ಮೇಲೆ ಕೂರುತ್ತದೆ. ಕಿರುಬೆರಳು ಷಡ್ಜ, ಹೆಬ್ಬೆರಳು ಪಂಚಮ. ಸಾ-ಪಾ, ಸಾ-ಪಾ ಅಂತ ನಿಧಾನವಾಗಿ ನುಡಿಸುತ್ತ ಬಾಯಲ್ಲಿ ನಿಮಗೆ ಬರುವ ಯಾವುದಾದರೂ ಹಾಡು ಹಾಡಿ. ಬಲಗೈ ಸುಮ್ಮನಿರಲಿ. ಒಂದು ವಾರದ ನಂತರ ಬಾಯಿಯ ಕೆಲಸ ಬಲಗೈಗೆ ಕೊಡಿ.

ತಂಬೂರಿ ರೂಢಿಯಾದ ಮೇಲೆ ಸಾ-ಪಾ-ಗಾ-ಪಾ ಹಾಕಿ: ಕಿರುಬೆರಳು, ಹೆಬ್ಬೆರಳು, ನಡುಬೆರಳು, ಹೆಬ್ಬೆರಳು. ಇದಕ್ಕೆ ಆಲ್ಬರ್ಟಿ ಬಾಸ್ ಎನ್ನುತ್ತಾರೆ. ಮೊಟ್ಸಾರ್ಟ್ 1788ರಲ್ಲಿ ಬರೆದ ಸಿ ಮೇಜರ್ ಸೊನಾಟಾದ ಎಡಗೈ ಶುರುವಾಗುವುದೇ ಹೀಗೆ. ತನ್ನ ಕೃತಿಗಳ ಪಟ್ಟಿಯಲ್ಲಿ ಅವನು ಅದನ್ನು ಆರಂಭಿಕರಿಗೆಂದು ಗುರುತಿಸಿದ್ದ. ಅವನ ಆರಂಭಿಕರು ಯಾರೋ ಗೊತ್ತಿಲ್ಲ, ನಮಗಂತೂ ಅದು ನಾಲ್ಕೈದು ವರ್ಷದ ಮೇಲಿನ ಮಾತು. ಎಡಗೈಯ ಆ ಒಂದು ತಿರುವನ್ನು ಮಾತ್ರ ಈಗಲೇ ಎತ್ತಿಕೊಳ್ಳಬಹುದು.

2. ಕಪ್ಪು ಮನೆಗಳಲ್ಲಿ ಮೊದಲ ವಾರ ಕಳೆಯಿರಿ

ಪಿಯಾನೊದಲ್ಲಿ ಒಟ್ಟು 88 ಮನೆ, 52 ಬಿಳಿ, 36 ಕಪ್ಪು. ಪುಸ್ತಕಗಳೆಲ್ಲ ಬಿಳಿಯಿಂದ ಶುರುಮಾಡುತ್ತವೆ. ಎಡಗೈಯ ತಂಬೂರಿ ಒಂದನ್ನು ಬಿಟ್ಟು ನಾವು ಕಪ್ಪಿನಿಂದ ಶುರುಮಾಡೋಣ, ಕಾರಣ ಇದೆ.

ಯಕ್ಷಗಾನದ ಭಾಗವತರ ಬಾಯಲ್ಲಿ ಕಪ್ಪು ಎರಡು, ಕಪ್ಪು ಮೂರು ಅನ್ನುವ ಶ್ರುತಿಯ ಲೆಕ್ಕ ಕೇಳಿರುತ್ತೀರಿ. ಅದೇ ಲೆಕ್ಕ ಇಲ್ಲಿಗೂ ಸಾಕು. ಜೋಡಿ ಕಪ್ಪುಗಳು ಒಂದು, ಎರಡು. ಪಕ್ಕದ ಮೂರರ ಗುಂಪು ಮೂರು, ನಾಲ್ಕು, ಐದು. ಕಪ್ಪು ಮೂರನ್ನು ಷಡ್ಜ ಮಾಡಿಕೊಂಡು ಕಪ್ಪು ಮನೆಗಳನ್ನಷ್ಟೇ ಒತ್ತುತ್ತ ಮೇಲೇರಿ. ಕೇಳುವುದು ಮೋಹನ. ಕಪ್ಪು ನಾಲ್ಕರಿಂದ ಶುರುಮಾಡಿದರೆ ಮಧ್ಯಮಾವತಿ. ಐದರಿಂದ ಹಿಂದೋಳ. ಒಂದರಿಂದ ಶುದ್ಧ ಸಾವೇರಿ, ಎರಡರಿಂದ ಶುದ್ಧ ಧನ್ಯಾಸಿ. ಐದೇ ಮನೆ, ಐದು ರಾಗದ ಸ್ವರಗಳು, ಒಂದೂ ತಪ್ಪು ಸ್ವರ ಬೀಳುವ ಹಾಗಿಲ್ಲ. ಕರ್ನಾಟಕ ಸಂಗೀತದ ವಿದ್ಯಾರ್ಥಿಗಳು ಇದನ್ನು ಗ್ರಹಭೇದ ಎಂದು ಪಾಠವಾಗಿ ಓದುತ್ತಾರೆ. ಪಿಯಾನೊದಲ್ಲಿ ಅದು ಕಣ್ಣಿಗೇ ಕಾಣುತ್ತದೆ.

ಕಪ್ಪು ಮನೆಗಳು ಎತ್ತರದಲ್ಲಿರುವುದರಿಂದ ಬೆರಳಿಗೆ ನೋಡದೆಯೇ ಸಿಗುತ್ತವೆ. ವಾರದೊಳಗೆ ಕೈ ಎರಡರ ಗುಂಪು ಯಾವುದು, ಮೂರರದ್ದು ಯಾವುದು ಎಂದು ತಡವಿಯೇ ಹೇಳುತ್ತದೆ. ಅಷ್ಟು ಬಂದರೆ ಬಿಳಿ ಮನೆಗಳ ಹೆಸರು ಕಲಿಯುವುದು ಒಂದು ಸಂಜೆಯ ಕೆಲಸ.

ಬಿಳಿಯಲ್ಲೂ ಇದೇ ಆಟ ಆಡಬಹುದು. ಸಿ ಇಂದ ಶಂಕರಾಭರಣ, ಡಿ ಇಂದ ಖರಹರಪ್ರಿಯ, ಇ ಇಂದ ತೋಡಿ, ಎಫ್ ಇಂದ ಕಲ್ಯಾಣಿ, ಜಿ ಇಂದ ಹರಿಕಾಂಭೋಜಿ, ಎ ಇಂದ ನಟಭೈರವಿ. ಬಿ ಇಂದ ಮಾತ್ರ ಹೊರಡಬೇಡಿ, ಅಲ್ಲಿ ಶುದ್ಧ ಪಂಚಮವೇ ಇಲ್ಲ.

ಒಂದು ಎಚ್ಚರಿಕೆ. ಮನೆಗಳ ಮೇಲೆ ಸ-ರಿ-ಗ ಎಂದು ಸ್ಟಿಕ್ಕರ್ ಅಂಟಿಸಬೇಡಿ. ನಮ್ಮ ಷಡ್ಜ ಓಡಾಡುತ್ತದೆ, ಪಾಶ್ಚಾತ್ಯರ ಸಿ ಕೂತಲ್ಲೇ ಕೂತಿರುತ್ತದೆ. ಸ್ಟಿಕ್ಕರ್ ಹಚ್ಚಿದ ಮಕ್ಕಳು ಮುಂದೆ ಐದು ಗೆರೆಯ ಸ್ಟಾಫ್ ನೊಟೇಶನ್ ಓದುವಾಗ ಎರಡು ಲೆಕ್ಕದ ನಡುವೆ ಸಿಕ್ಕಿ ಒದ್ದಾಡುತ್ತಾರೆ.

3. ಸರಳೆ ವರಸೆಯನ್ನು ಎಸೆಯಬೇಡಿ, ಬೆರಳು ಬದಲಿಸಿ

ಮೊದಲ ಸರಳೆ ಬಂದರೆ ಮೊದಲ ಸ್ಕೇಲ್ ಬಂದ ಹಾಗೆಯೇ. ಬೆರಳಿನ ಲೆಕ್ಕ ಮಾತ್ರ ಹೊಸದು. ಎರಡು ಕೈಯಲ್ಲೂ ಹೆಬ್ಬೆರಳು ಒಂದು, ಕಿರುಬೆರಳು ಐದು. ಬಲಗೈ ಸಿ ಇಂದ ಹೊರಟರೆ 1-2-3, ಆಮೇಲೆ ಹೆಬ್ಬೆರಳು ಅಂಗೈಯಡಿ ನುಸುಳಿ ಮಧ್ಯಮವನ್ನು ಹಿಡಿಯಬೇಕು, ಅಲ್ಲಿಂದ 1-2-3-4-5. ಎಡಗೈ 5-4-3-2-1 ಎಂದು ಪಂಚಮದವರೆಗೆ ಹೋಗಿ, ನಡುಬೆರಳನ್ನು ಹೆಬ್ಬೆರಳಿನ ಮೇಲಿಂದ ದಾಟಿಸಿ 3-2-1 ಎಂದು ಮುಗಿಸುತ್ತದೆ. ಹಾರ್ಮೋನಿಯಂನವರು ಈ ನುಸುಳುವಿಕೆಯನ್ನು ತಪ್ಪಿಸಿಕೊಂಡು ಮೂರೇ ಬೆರಳಲ್ಲಿ ಜಾರಿಸಿಕೊಂಡು ಹೋಗುತ್ತಾರೆ. ಪಿಯಾನೊದಲ್ಲಿ ಹಾಗೆ ಜಾರಿಸಿದರೆ ವೇಗ ಹೆಚ್ಚಿದ ಕೂಡಲೇ ಕೈ ಕಟ್ಟಿಬೀಳುತ್ತದೆ.

ಎರಡೂ ಕೈ ಒಟ್ಟಿಗೆ ಅಂದರೆ ಎದೆ ಧಸಕ್ ಅನ್ನುವವರಿಗೆ ಒಂದು ಉಪಾಯ. ಎರಡು ಹೆಬ್ಬೆರಳನ್ನೂ ಮಧ್ಯದ ಸಿ ಮೇಲೆ ಇಡಿ. ಬಲಗೈ ಆರೋಹಣಕ್ಕೆ ಹೊರಡಲಿ, ಅದೇ ಹೊತ್ತಿಗೆ ಎಡಗೈ ಅವರೋಹಣಕ್ಕೆ. ಎರಡೂ ಕೈಗೆ 1-2-3-1-2-3-4-5, ಅದೇ ಬೆರಳು ಅದೇ ಕ್ಷಣಕ್ಕೆ. ದಿಕ್ಕು ಬೇರೆಯಾದರೂ ಮೆದುಳಿಗೆ ಇದು ಸುಲಭ. ಎರಡೂ ಕೈ ಒಂದೇ ದಿಕ್ಕಿಗೆ ಹೋಗುವುದೇ ಕಷ್ಟ, ಅದನ್ನು ಆಮೇಲೆ ನೋಡಿಕೊಂಡರಾಯಿತು.

ಬಿಳಿ ಮನೆಯಲ್ಲಿ ಕೈ ಕೂತ ಮೇಲೆ ಮಾಯಾಮಾಳವಗೌಳಕ್ಕೆ ಬನ್ನಿ. ರಿಷಭ ಕಪ್ಪು ಒಂದಕ್ಕೆ, ಧೈವತ ಕಪ್ಪು ನಾಲ್ಕಕ್ಕೆ ಸರಿಯುತ್ತವೆ, ಉಳಿದದ್ದೆಲ್ಲ ಅಲ್ಲೇ. ಅದೇ ಬೆರಳಿನ ಲೆಕ್ಕವೇ ಇಲ್ಲಿಗೂ ಹೊಂದುತ್ತದೆ. ಮೂರು ಕಾಲದಲ್ಲಿ ನುಡಿಸುವ ಅಭ್ಯಾಸ ನಮ್ಮಲ್ಲಿ ಇದ್ದೇ ಇದೆ. ಮೆಟ್ರೊನೋಮನ್ನು 60ಕ್ಕೆ ಇಟ್ಟು ಒಂದು ತಟ್ಟಿಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಪಾಶ್ಚಾತ್ಯ ಶಿಕ್ಷಕರು ತಿಂಗಳುಗಟ್ಟಲೆ ಹೇಳಿಕೊಡುವ ಲಯದ ಪಾಠ ಇದರಲ್ಲೇ ಬಂತು.

4. ಗಮಕದ ಆಸೆ ಬಿಡಿ

ಪಿಯಾನೊದ ಸ್ವರ ಬಾಗುವುದಿಲ್ಲ. ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಸರಿದ ಮೇಲೆ ಆ ಸ್ವರದ ಮೇಲೆ ನಿಮಗೆ ಯಾವ ಅಧಿಕಾರವೂ ಇಲ್ಲ. ತೋಡಿಯ ಗಾಂಧಾರವನ್ನು ಇಲ್ಲಿ ಅಲ್ಲಾಡಿಸಲು ಹೋದರೆ ಬಾಗಿಲು ಬಡಿದ ಸದ್ದು ಬರುತ್ತದೆ. ಅದರ ಬದಲು ಹಾರ್ಮೋನಿಯಂ ಕೊಡದ ಸುಖವೊಂದು ಇಲ್ಲಿದೆ: ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಜೋರು. ಇಟಲಿಯ ಕ್ರಿಸ್ಟೊಫೊರಿ 1700ರ ಹೊತ್ತಿಗೆ ಈ ವಾದ್ಯ ಮಾಡಿದ್ದೇ ಅದಕ್ಕಾಗಿ. ಒಂದೇ ಸಾಲನ್ನು ಪಿಸುಮಾತಿನಲ್ಲಿ, ಮಾಮೂಲು ದನಿಯಲ್ಲಿ, ಕೂಗಿ ಕರೆದಂತೆ ಹೀಗೆ ಮೂರು ಬಗೆಯಲ್ಲಿ ನುಡಿಸಿ.

5. ಮೊದಲೇ ದೊಡ್ಡ ಪಿಯಾನೊ ಕೊಳ್ಳಬೇಡಿ, ತೀರಾ ಚಿಕ್ಕದನ್ನೂ ಕೊಳ್ಳಬೇಡಿ

ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಕಟ್ಟಡದಲ್ಲಿ ಇನ್ನೂರು ಕಿಲೊ ದಾಟುವ ಅಪ್‌ರೈಟ್ ಪಿಯಾನೊವನ್ನು ಮೇಲೆ ಸಾಗಿಸುವುದು ಅಂದರೆ ಅದೇ ಒಂದು ಉತ್ಸವ. ಮೆಟ್ಟಿಲಿನ ತಿರುವು ಅಳೆಯದೆ ಮುಂಗಡ ಕೊಟ್ಟವರು ಆಮೇಲೆ ಪರದಾಡುತ್ತಾರೆ. ಮತ್ತೊಂದು ತುದಿಯಲ್ಲಿ ಹುಟ್ಟುಹಬ್ಬದ ಉಡುಗೊರೆಗೆಂದು ತರುವ 61 ಮನೆಯ ಕೀಬೋರ್ಡ್ ಇದೆ. ಅದರ ಮನೆಗಳಿಗೆ ತೂಕವೇ ಇರುವುದಿಲ್ಲ. ಅಂಥದ್ದರಲ್ಲಿ ಪಳಗಿದ ಬೆರಳು ನಿಜವಾದ ಪಿಯಾನೊದ ಮುಂದೆ ಸೋತುಹೋಗುತ್ತದೆ.

ನಡುವಿನ ದಾರಿ ಡಿಜಿಟಲ್ ಪಿಯಾನೊ. ಅಂಗಡಿಯಲ್ಲಿ ಎರಡೇ ಪ್ರಶ್ನೆ ಕೇಳಿ: 88 ಮನೆ ಇದೆಯಾ, ಕೀಗಳು ವೆಯ್ಟೆಡ್ ಹ್ಯಾಮರ್ ಆಕ್ಷನ್ನಾ? ಐನೂರು ಬಗೆಯ ವಾದ್ಯದ ಸದ್ದು, ತಬಲಾ ತಾಳ, ಬಣ್ಣದ ದೀಪ ಇವನ್ನೆಲ್ಲ ತೋರಿಸಲು ಬಂದರೆ ನಕ್ಕು ಮುಂದಕ್ಕೆ ಹೋಗಿ. ಜೊತೆಗೆ ಎತ್ತರ ಹೊಂದಿಸಬಹುದಾದ ಬೆಂಚು ಮತ್ತು ಅಲ್ಲಾಡದ ಸ್ಟ್ಯಾಂಡು. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಊಟದ ಮೇಜಿನ ಪ್ಲಾಸ್ಟಿಕ್ ಕುರ್ಚಿ ಮಕ್ಕಳಿಗೆ ತಗ್ಗಾಗುತ್ತದೆ, ಮಣಿಕಟ್ಟು ಜೋತುಬೀಳುತ್ತದೆ.

ನೋಡದೆ ಆನ್‌ಲೈನಿನಲ್ಲಿ ತರಿಸಬೇಡಿ. ಹಾರ್ಬರ್ ಲೈನ್ ರೈಲು ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದರೆ ಧೋಬಿ ತಲಾವ್ ನಡಿಗೆಯ ದೂರ. ಆ ಭಾಗದ ಫುರ್ಟಾಡೋಸ್ 1865ರಲ್ಲಿ ಶುರುವಾದ ವಾದ್ಯದಂಗಡಿ. ನಾಲ್ಕಾರು ಪಿಯಾನೊಗಳ ಮೇಲೆ ಅದೇ ಸಾ-ಪಾ ನುಡಿಸಿ ನೋಡಿ. ಇಪ್ಪತ್ತು ಸಾವಿರದ ವ್ಯತ್ಯಾಸ ಎಲ್ಲಿದೆ ಎಂದು ಬೆರಳಿಗೇ ತಿಳಿಯುತ್ತದೆ, ತಿಳಿಯದಿದ್ದರೆ ಅಗ್ಗದ್ದೇ ಸಾಕು.

6. ಮಳೆ, ಉಪ್ಪುಗಾಳಿ, ಕೆಳಗಿನ ಮನೆಯವರು

ವಡಾಲದ ಪೂರ್ವಕ್ಕೆ ಉಪ್ಪಿನಾಗರ, ಅದರಾಚೆ ಖಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿದು. ಮರ, ಉಣ್ಣೆಯ ಫೆಲ್ಟ್, ಉಕ್ಕಿನ ತಂತಿ ಮೂರಕ್ಕೂ ತೇವ ಶತ್ರು. ಅಪ್‌ರೈಟ್ ಇರುವವರು ಹೊರಗೋಡೆಗೆ, ಕಿಟಕಿಗೆ ತಾಗಿಸಿ ಇಡಬೇಡಿ. ಮುಂಬೈಯ ಹಳೆಯ ಮನೆಗಳಲ್ಲಿ ಪಿಯಾನೊದ ಕೆಳಹೊಟ್ಟೆಯಲ್ಲಿ ಸಣ್ಣ ಬಲ್ಬು ಉರಿಸಿಡುವ ರೂಢಿ ಇತ್ತು, ಒಳಗೆ ಬೆಚ್ಚಗಿರಲೆಂದು. ಈಗ ಅದೇ ಕೆಲಸಕ್ಕೆ ಹೀಟರ್ ರಾಡ್ ಸಿಗುತ್ತದೆ. ಶ್ರುತಿ ಮಾಡಿಸುವುದನ್ನು ಮಳೆಯ ನಡುವೆ ಇಟ್ಟುಕೊಂಡರೆ ದುಡ್ಡು ದಂಡ. ಮಳೆ ಕಳೆದು ಗಾಳಿ ಒಣಗಿದ ಮೇಲೆ ಮಾಡಿಸಿ. ಡಿಜಿಟಲ್‌ಗೆ ಶ್ರುತಿಯ ಚಿಂತೆಯಿಲ್ಲ, ಬಟ್ಟೆಯ ಹೊದಿಕೆ ಸಾಕು.

ಹೆಡ್‌ಫೋನ್ ಹಾಕಿದರೆ ಯಾರಿಗೂ ಕೇಳಿಸುವುದಿಲ್ಲ ಎಂದು ನೀವು ನಂಬಿರುತ್ತೀರಿ. ಕೆಳಗಿನ ಮನೆಯವರಿಗೆ ರಾಗ ಕೇಳಿಸದಿದ್ದರೂ ಕೀಗಳ ಧಪ್ ಧಪ್ ಮಾತ್ರ ಕೇಳಿಸುತ್ತದೆ, ಅದು ಇನ್ನೂ ಕೆಟ್ಟದ್ದು. ಸ್ಟ್ಯಾಂಡಿನ ಕಾಲಡಿ ದಪ್ಪ ರಬ್ಬರ್ ಮ್ಯಾಟ್ ಹಾಕಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದಿನ ಕಾನೂನೂ ಇದೆ, ಸೊಸೈಟಿಯ ಸೆಕ್ರೆಟರಿಯೂ ಇದ್ದಾರೆ.

7. ದಿನಾ ಇಪ್ಪತ್ತು ನಿಮಿಷ, ಭಾನುವಾರದ ಎರಡು ಗಂಟೆ ಬೇಡ

ಲೋಕಲ್‌ನಲ್ಲಿ ನಿಂತು ಬಂದ ಮೈಗೆ ಇಪ್ಪತ್ತು ನಿಮಿಷವೇ ಹೆಚ್ಚು, ನಿಜ. ಆದರೆ ಬೆರಳು ಕಲಿಯುವುದು ನಡುವೆ ಸಿಗುವ ನಿದ್ದೆಯಲ್ಲಿ. ಏಳು ಸಲ ಮಲಗಿ ಎದ್ದ ಪಾಠ ಒಂದೇ ಸಲ ತುರುಕಿದ ಪಾಠಕ್ಕಿಂತ ಗಟ್ಟಿ. ಐದು ನಿಮಿಷ ಎಡಗೈ ಒಂದೇ, ಐದು ನಿಮಿಷ ಸ್ಕೇಲು, ಹತ್ತು ನಿಮಿಷ ಹೊಸ ಹಾಡಿನ ಎರಡೇ ಎರಡು ಬಾರ್ (ನಮ್ಮ ಆವರ್ತದ ಹಾಗೆ). ಮೊದಲಿಂದ ಶುರುಮಾಡಿ ತಪ್ಪುವಲ್ಲಿಗೆ ಬಂದು ತಪ್ಪಿ ಮತ್ತೆ ಮೊದಲಿಂದ ಶುರುಮಾಡುವುದು ಅಭ್ಯಾಸವಲ್ಲ. ತಪ್ಪುವ ಜಾಗದಿಂದಲೇ ಹೊರಡಿ.

ಪಿಯಾನೊ ಮುಚ್ಚಿಟ್ಟು ಮೇಲೆ ಇಸ್ತ್ರಿ ಬಟ್ಟೆ ಪೇರಿಸಿದ ಮನೆಯಲ್ಲಿ ಯಾರೂ ಕಲಿತದ್ದನ್ನು ನಾನು ನೋಡಿಲ್ಲ.

8. ನೋಟ್ ಓದುವುದನ್ನು ರೈಲಿನಲ್ಲಿ ಕಲಿಯಿರಿ

ಕಿವಿ ಚೆನ್ನಾಗಿದ್ದವರು ಓದುವುದಕ್ಕೆ ಸೋಮಾರಿಗಳು. ಒಮ್ಮೆ ಕೇಳಿದ್ದು ಬರುತ್ತದಲ್ಲ ಎಂಬ ಧೈರ್ಯ. ಆದರೆ ಎಡಗೈ ಏನು ನುಡಿಸುತ್ತಿದೆ ಎಂಬುದನ್ನು ಕಿವಿ ಹಿಡಿಯುವುದು ಕಷ್ಟ, ಅದು ಕಾಗದದ ಮೇಲೇ ಸಿಗಬೇಕು. ವಡಾಲ ರೋಡ್‌ನಿಂದ ಸಿಎಸ್‌ಎಂಟಿವರೆಗಿನ ಪ್ರಯಾಣ ಒಂದು ಪುಟಕ್ಕೆ ಧಾರಾಳ. ಸೀಟು ಸಿಗದಿದ್ದರೂ ಫೋನಿನಲ್ಲಿ ಪುಟ ತೆರೆದಿರಲಿ.

ಐದೈದು ಗೆರೆಗೆ ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡುವ ಗೋಜು ಬೇಡ. ಮೂರು ಗುರುತು ಸಾಕು. ಮೇಲಿನ ಗುಂಪಿನ ಸುರುಳಿ ಚಿಹ್ನೆ ಯಾವ ಗೆರೆಗೆ ಸುತ್ತಿಕೊಂಡಿದೆಯೋ ಅದು ಜಿ. ಕೆಳಗಿನ ಚಿಹ್ನೆಯ ಎರಡು ಚುಕ್ಕಿಗಳ ನಡುವಿನ ಗೆರೆ ಎಫ್. ಎರಡೂ ಗುಂಪಿನ ನಡುವೆ ಪುಟ್ಟ ಗೆರೆಯ ಮೇಲೆ ಒಂಟಿಯಾಗಿ ನಿಂತಿರುವುದು ಮಧ್ಯದ ಸಿ. ಉಳಿದದ್ದನ್ನು ಇವುಗಳಿಂದ ಹತ್ತಿ ಇಳಿದು ಎಣಿಸಿ.

9. ಬಿಳಿಯರ ವಾದ್ಯವೆಂಬ ನೆಪ ಹೇಳಬೇಡಿ, ಮೈಸೂರಿನ ಕಥೆ ಕೇಳಿ

ನಮಗೇಕೆ ಈ ಬಿಳಿಯರ ವಾದ್ಯ ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಜಯಚಾಮರಾಜ ಒಡೆಯರ ವಿಷಯ ಹೇಳಿ. 1940ರಲ್ಲಿ ಪಟ್ಟಕ್ಕೆ ಬಂದವರು, ಆಗ ವಯಸ್ಸು 21. ಪಿಯಾನೊ ಎಂದರೆ ಪ್ರಾಣ. ರಾಜ್ಯಭಾರದ ನಡುವೆಯೂ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಡ್ಟ್‌ನರ್ ಅವರ ಸಂಗೀತವನ್ನು ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟದ್ದು ಇದೇ ಮಹಾರಾಜರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು. ಮುದಿ ಸಂಯೋಜಕ ತಾನೇ ಪಿಯಾನೊ ನುಡಿಸಿದ ಆ ಮುದ್ರಿಕೆಗಳನ್ನು ಇವತ್ತಿಗೂ ಕೇಳಬಹುದು. ಮೈಸೂರಿನ ದುಡ್ಡಿಲ್ಲದಿದ್ದರೆ ಅವು ಇರುತ್ತಿರಲಿಲ್ಲ.

ಅದೇ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಪಿಯಾನೊ ಕಲಿತರೆ ಕರ್ನಾಟಕ ಸಂಗೀತ ಕೆಡುತ್ತದೆ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿಲ್ಲ. ಅರಮನೆ, ಆಳುಕಾಳು ಇದ್ದವರಿಗೇನು ಕಷ್ಟ ಎಂದು ಕೇಳುವವರೂ ಇದ್ದಾರೆ. ಆದರೆ ಸ್ಕೇಲನ್ನು ಆಳುಗಳ ಕೈಯಲ್ಲಿ ಮಾಡಿಸಲಾಗುವುದಿಲ್ಲ.

10. ಮೇಷ್ಟ್ರು ಬೇಕು, ಆ್ಯಪ್ ಸಾಲದು

ಆ್ಯಪ್‌ಗೆ ನೀವು ಒತ್ತಿದ ಮನೆ ಸರಿಯೇ ಎಂಬುದು ಗೊತ್ತಾಗುತ್ತದೆ. ನಿಮ್ಮ ಭುಜ ಕಿವಿಯ ಹತ್ತಿರ ಹೋಗಿದೆ, ಹೆಬ್ಬೆರಳು ರೈಲಿನ ಹಿಡಿಕೆಗೆ ನೇತುಬಿದ್ದಂತೆ ಬಿಗಿದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಮೊದಲ ಆರು ತಿಂಗಳಾದರೂ ಎದುರಿಗೆ ಕೂತು ನೋಡುವವರು ಬೇಕು. ದಾದರ್ ಪಾರ್ಸಿ ಕಾಲನಿ, ಮಾಟುಂಗಾ, ವಡಾಲದ ಚರ್ಚುಗಳ ಆಸುಪಾಸು ಪಿಯಾನೊ ಪಾಠದ ರೂಢಿ ಹಳೆಯದು. ಶಾಲೆಯ ಸಂಗೀತ ಟೀಚರನ್ನೋ ಚರ್ಚಿನ ಆರ್ಗನ್ ನುಡಿಸುವವರನ್ನೋ ವಿಚಾರಿಸಿ. ಹೋದ ದಿನವೇ ಒಂದು ಮಾತು ಹೇಳಿಬಿಡಿ: ನನಗೆ ಹಾರ್ಮೋನಿಯಂ ಬರುತ್ತದೆ, ಎಡಗೈ ಬರುವುದಿಲ್ಲ. ಒಳ್ಳೆಯ ಮೇಷ್ಟ್ರು ಅಲ್ಲಿಂದಲೇ ಪಾಠ ಬದಲಿಸುತ್ತಾರೆ.

11. ಪರೀಕ್ಷೆಗೆ ಓಡಬೇಡಿ

ಲಂಡನ್ನಿನ ಎಬಿಆರ್‌ಎಸ್‌ಎಂ, ಟ್ರಿನಿಟಿ ಎರಡರ ಗ್ರೇಡುಗಳೂ ಮುಂಬೈಯಲ್ಲಿ ಜನಪ್ರಿಯ. ಎರಡರಲ್ಲೂ ಎಂಟು ಗ್ರೇಡು, ಅದಕ್ಕೂ ಮೊದಲು ಇನಿಷಿಯಲ್. ಎಬಿಆರ್‌ಎಸ್‌ಎಂಗೆ 150 ಅಂಕ, ಪಾಸಿಗೆ 100. ಟ್ರಿನಿಟಿಗೆ 100, ಪಾಸಿಗೆ 60. ಗುರಿಯೊಂದು ಇದ್ದರೆ ಮಕ್ಕಳು ಕೂರುತ್ತಾರೆ, ಅದು ಒಪ್ಪಿಗೆ. ಆದರೆ ವರ್ಷಪೂರ್ತಿ ಮೂರೇ ತುಣುಕು ತಿದ್ದಿ ತೀಡಿ ಸರ್ಟಿಫಿಕೇಟ್ ಗೋಡೆಗೆ ಹಾಕಿ, ನಾಲ್ಕನೆಯದನ್ನು ಕೇಳಿದರೆ ಕಕ್ಕಾಬಿಕ್ಕಿಯಾಗುವ ಮಕ್ಕಳು ಎಷ್ಟು ಬೇಕಾದರೂ ಸಿಗುತ್ತಾರೆ. ಎರಡು ಗ್ರೇಡಿನ ನಡುವೆ ಪರೀಕ್ಷೆಗಲ್ಲದ ಇಪ್ಪತ್ತು ಸಣ್ಣ ಹಾಡು ನುಡಿಸಿ. ದೊಡ್ಡವರಿಗಂತೂ ಪರೀಕ್ಷೆಯ ಅಗತ್ಯವೇ ಇಲ್ಲ.

12. ಹಬ್ಬಕ್ಕೆ ರಜೆ ಕೊಡಿ, ಆದರೆ ತಾರೀಖು ಬರೆದಿಟ್ಟು

ವಡಾಲದ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣ) ಗಣೇಶೋತ್ಸವ ಹನ್ನೊಂದು ದಿನ. ಮನೆಗೆ ನೆಂಟರು, ರಸ್ತೆಯಲ್ಲಿ ಸಾಲು. ಅಷ್ಟು ದಿನ ಪಿಯಾನೊ ಮುಟ್ಟಲಾಗುವುದಿಲ್ಲ. ಹಿಂದೆಯೇ ನವರಾತ್ರಿ, ಅದರ ಹಿಂದೆ ದೀಪಾವಳಿ, ಮಕ್ಕಳಿಗೆ ಪರೀಕ್ಷೆ. ಹೀಗೆ ಕಲಿಕೆ ಜನವರಿಗೆ ಜಾರುತ್ತದೆ. ವಿಸರ್ಜನೆಯ ಮರುದಿನ ಯಾವ ಹಾಡು, ಎಷ್ಟನೆಯ ಬಾರ್ ಎಂದು ಪುಸ್ತಕದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಟ್ಟು ಮುಚ್ಚಿ.

13. ಒಂದು ಹಾಡು ಯಾವಾಗಲೂ ತಯಾರಿರಲಿ

ಹೊಸಬರು ಸದಾ ಅರ್ಧ ಬಂದ ಹಾಡಿನಲ್ಲೇ ಇರುತ್ತಾರೆ. ಯಾರಾದರೂ ಬಂದು ಏನಾದರೂ ನುಡಿಸು ಎಂದರೆ ಕೈ ಖಾಲಿ. ಆಗ ಎಲ್ಲರೂ ಬೆಥೊವನ್‌ನ ಫ್ಯೂರ್ ಎಲೀಸ್‌ಗೆ ಕೈಹಾಕುತ್ತಾರೆ. ಕಾರು ರಿವರ್ಸ್ ಹಾಕುವಾಗ ಕೇಳಿಸುವ ಅದೇ ಟ್ಯೂನು. ಅದರ ಮೊದಲ ಸಾಲು ಸುಲಭವೆಂದು ಕಾಣುತ್ತದೆ, ಎರಡನೆಯ ಭಾಗ ಬಂದಾಗ ಹೊಸಬರ ಕೈ ನಿಲ್ಲುತ್ತದೆ. ಬದಲಿಗೆ ಅವನದೇ ಒಂಬತ್ತನೆಯ ಸಿಂಫನಿಯ, 1824ರ ಆ ಆನಂದಗೀತೆ ತೆಗೆದುಕೊಳ್ಳಿ. ಮೊದಲ ಎರಡು ಸಾಲು ಐದೇ ಸ್ವರ, ಐದೇ ಬೆರಳು, ಗಾ ಗಾ ಮಾ ಪಾ ಎಂದು ಹಾಡಿಕೊಳ್ಳಬಹುದು. ಎಡಗೈಯಲ್ಲಿ ಸೂತ್ರ ಒಂದರ ಸಾ-ಪಾ. ಅದು ಕೈಗೆ ಬಂದ ಮೇಲೆ 1725ರ ಆನ್ನಾ ಮಗ್ದಲೇನಾ ಬಾಖ್ ಪುಸ್ತಕದ ಜಿ ಮೇಜರ್ ಮಿನುಯೆಟ್. ಬಾಖ್‌ನದೆಂದು ಬಹಳ ಕಾಲ ಹೆಸರಾಗಿದ್ದ ಅದನ್ನು ಬರೆದವನು ಪೆಟ್ಸೋಲ್ಡ್. ಅದರಲ್ಲಿ ಎಡಗೈಗೂ ಹಾಡಿನ ಪಾಲಿದೆ. ಹೊಸ ಪಾಠ ಏನೇ ಇರಲಿ, ತಯಾರಿರುವ ಹಾಡನ್ನು ದಿನಾ ಒಮ್ಮೆ ನುಡಿಸಿ, ವಾರಕ್ಕೊಮ್ಮೆ ಎಡಗೈಯಲ್ಲಿ ಮಾತ್ರ.